ಕೀಲಿ ಡಬ್ಬಿಯ ನಂಬರ್

ಓದುಗರ ಪತ್ರ: "ನಾನಿರುವುದು ಬೆಂಗಳೂರಿನಲ್ಲಿ. ಬಳ್ಳಾರಿಯ ನಮ್ಮ ಮನೆ ಖಾಲಿ ಬಿದ್ದಿತ್ತು, ಆ್ಯಪ್ ಮೂಲಕ ದಿನದ ಬಾಡಿಗೆಗೆ ಕೊಡುತ್ತಿದ್ದೇನೆ. ನಿಲ್ಲಿಸಿ ಎಂದು ಬಡಾವಣೆಯ ನಿವಾಸಿಗಳ ಸಂಘ ನೋಟಿಸ್ ಕಳಿಸಿದೆ. ನನ್ನ ಮನೆ, ಇವರಿಗೇನು? ಅಮೆರಿಕದಲ್ಲಿ ಎಲ್ಲರೂ ಕೊಡ್ತಾರೆ ಅಂತ ತಮ್ಮ ಹೇಳ್ತಾನೆ."

ಸಂಪಾದಕರ ಉತ್ತರ: ಅಕ್ಕ, ಸಾಲವಿದ್ದರೆ ಕಂತು ಕಟ್ಟಬೇಕು, ಮನೆ ಸುಮ್ನೆ ಧೂಳು ಹಿಡಿಯಬಾರದು. ಒಪ್ಪಿದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಹುಟ್ಟಿದ ಸಂಘದ ಕಟ್ಟಳೆ ಅದರ ಸದಸ್ಯರಿಗೆ. ನೀವು ಸದಸ್ಯರಲ್ಲದಿದ್ದರೆ ಆ ನೋಟಿಸಿನ ತೂಕ ಕಡಿಮೆಯೇ.

ಆದರೆ ನಿಮ್ಮ ತಮ್ಮ ಅರ್ಧ ಮಾತ್ರ ಹೇಳಿದ್ದಾರೆ. ಅಲ್ಲಿ ಮನೆ ಮಾಲೀಕರ ಸಂಘದ ಕಟ್ಟಳೆ ಮನೆಪತ್ರದ ಜೊತೆಗೇ ಅಂಟಿಕೊಂಡು ಬರುತ್ತದೆ. 30 ದಿನಕ್ಕಿಂತ ಕಡಿಮೆ ಬಾಡಿಗೆ ಬೇಡ ಎನ್ನುವ ಸಂಘಗಳು ಬೇಕಾದಷ್ಟಿವೆ. ಮೀರಿದರೆ ದಂಡ. ನ್ಯೂಯಾರ್ಕ್ ನಗರವಂತೂ 2023ರ ಸೆಪ್ಟೆಂಬರಿನಿಂದ ಬಿಗಿ ಮಾಡಿದೆ: ಅಂಥ ಬಾಡಿಗೆಯಾದರೆ ಮನೆಯವರು ಅಲ್ಲೇ ಇರಬೇಕು, ಅತಿಥಿಗಳು ಇಬ್ಬರೇ.

ನನ್ನ ಹಠವೂ ಅದೇ. ಮನೆಯಲ್ಲಿ ಮನೆಯವರಿರಬೇಕು. ಒಮ್ಮೆ ಆನೆಗೊಂದಿಯಲ್ಲಿ ಉಳಿದಿದ್ದೆವು. "ಎಷ್ಟು ರೊಟ್ಟಿ ಬಡೀಲಿ?" ಎಂದು ಕೇಳಿದ ಅಜ್ಜಿಯೇ ರಾತ್ರಿ ಹತ್ತಕ್ಕೆ ನಮ್ಮ ಹರಟೆಯನ್ನೂ ನಿಲ್ಲಿಸಿದರು. ಅದು ಹೋಮ್‌ಸ್ಟೇ. ನಿಮ್ಮದು ಮ್ಯಾನೇಜರ್ ಇಲ್ಲದ ಲಾಡ್ಜ್. ಹಂಪಿ ಹತ್ತಿರದ ವಿರುಪಾಪುರ ಗಡ್ಡಿಯ ಹೊಲಗಳಲ್ಲೂ ಹೀಗೇ ಒಂದೊಂದಾಗಿ ರೆಸಾರ್ಟ್ ಎದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಎಲ್ಲ ನೆಲಸಮವಾಯಿತು.

ನಮ್ಮ ಪಕ್ಕದ ಮನೆಯೂ ನಿಮ್ಮ ಮನೆಯಂಥದ್ದೇ. ಮನೆಯ ಕೀಲಿ ನಂಬರ್ ಒತ್ತಿದರೆ ತೆರೆಯುವ ಡಬ್ಬಿಯೊಳಗೆ. ಹೋದ ಬೇಸಿಗೆ ರಾತ್ರಿ ಒಂದೂವರೆಗೆ ಬೆಲ್. ನೋಡಿದರೆ ನಾಲ್ಕು ಹುಡುಗರು. "ಅಂಕಲ್, ಕೀಲಿ ಡಬ್ಬಿ ನಂಬರ್ ಏನು?" ನನಗೇನು ಗೊತ್ತು! ಮಾಲೀಕರ ಫೋನ್ ಸ್ವಿಚ್ ಆಫ್. ಕೊನೆಗೆ ಅವರು ಮಲಗಿದ್ದು ನಮ್ಮ ಪಡಸಾಲೆಯಲ್ಲಿ. ಪಾಪ, ತೋರಣಗಲ್ಲಿಗೆ ಕೆಲಸದ ಮೇಲೆ ಬಂದವರು. ಬಾಡಿಗೆ ಮಾಲೀಕರಿಗೆ, ಬೆಳಗಿನ ಚಹಾ ನಮ್ಮದು. ಭಲೇ!

ನಿಮ್ಮೊಬ್ಬರ ಮೇಲೆ ಸಿಟ್ಟಿಲ್ಲ. ಗಣಿ ದುಡ್ಡಿನ ಕಾಲದಲ್ಲಿ ಎದ್ದ ಬಡಾವಣೆಗಳಲ್ಲಿ ಸಂಜೆ ಓಡಾಡಿ ನೋಡಿ. ಎಷ್ಟು ಬೀಗ! ಆಳೆತ್ತರದ ಕಾಂಪೌಂಡು, ಅದರ ಮೇಲೊಂದು ಕ್ಯಾಮೆರಾ. ಮೊದಲು ಬಿಸಿಲಿಳಿದ ಮೇಲೆ ಕಟ್ಟೆಯಲ್ಲಿ ಕೂತವರು ಹೊಸಬರನ್ನು "ಯಾರ ಮನಿಗ್ರಿ?" ಎಂದು ಕೇಳುತ್ತಿದ್ದರು. ಈಗ ಕಟ್ಟೆಯನ್ನೇ ಕಟ್ಟಿಸುವುದಿಲ್ಲ. ಸಂಘದವರೂ ಅಷ್ಟೇ ಬಿಡಿ, ಗಣಪತಿ ಚಂದಾ ಎತ್ತಿದ ಮೇಲೆ ಮುಖ ಕಾಣುವುದು ಮುಂದಿನ ವರ್ಷ.

ಯಾವುದಾದರೂ ಸಂಸಾರಕ್ಕೆ ತಿಂಗಳ ಬಾಡಿಗೆಗೆ ಕೊಡಿ, ಅಕ್ಕ. ದುಡ್ಡು ಸ್ವಲ್ಪ ಕಡಿಮೆ ಬರಬಹುದು. ಅಲ್ಲಿಯವರೆಗೆ ಕೀಲಿ ಡಬ್ಬಿಯ ನಂಬರನ್ನು ಪಕ್ಕದ ಮನೆಯವರಿಗಾದರೂ ಹೇಳಿಡಿ.