ಆರಿದ ಬೆಂಕಿ ಸುಟ್ಟಿದ್ದು ಹೇಗೆ?

ಸಕಲೇಶಪುರದ ಹತ್ತಿರ ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಷರತ್ತಿನೊಂದಿಗೆ, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು. ಮಗಳು ಅಳಿಯ ಇರುವುದು ಅಮೆರಿಕದ ಡಲ್ಲಾಸ್ ಪಕ್ಕದಲ್ಲಿ. ಹಿತ್ತಲಲ್ಲಿ ಕಲ್ಲು ಕಟ್ಟಿದ ಫೈರ್ ಪಿಟ್ ಇದೆ. ಶನಿವಾರ ರಾತ್ರಿ ಸ್ನೇಹಿತರ ಜೊತೆ ಬೆಂಕಿ ಕಾಯಿಸಿ, ಮಲಗುವ ಮುಂಚೆ ಅಳಿಯ ಕೆಂಡದ ಮೇಲೆ ಮರಳು ಸುರಿದರು. ಬೆಳಿಗ್ಗೆ ಎರಡೂವರೆ ವರ್ಷದ ಮೊಮ್ಮಗ ಆ ಮರಳಿನಲ್ಲಿ ಆಡಲು ಹೋಗಿ ಮುಗ್ಗರಿಸಿದ. ಎರಡೂ ಅಂಗೈ ಸುಟ್ಟವು. ಬೀಗಿತ್ತಿ ಫೋನಿನಲ್ಲಿ ಮಗಳಿಗೆ "ಮಗು ನೋಡಿಕೊಳ್ಳಲು ಬರದವಳು" ಎಂದರಂತೆ. ಆರಿಸಿದ ಬೆಂಕಿ ಹೇಗೆ ಸುಟ್ಟಿತು, ತಪ್ಪು ಮಗಳದೇ, ನಮ್ಮ ಹೋಂಸ್ಟೇಯ ಅಂಗಳದಲ್ಲಿರುವ ಬೆಂಕಿಗುಂಡಿ ಮುಚ್ಚಿಬಿಡಲೇ, ಮಗ ತರಿಸಿರುವ ಸ್ಪಿರಿಟ್‌ನಲ್ಲಿ ಉರಿಯುವ ಟೇಬಲ್ ಒಲೆ ಅದಕ್ಕಿಂತ ವಾಸಿಯೇ ಎಂಬುದು ಅವರ ಪ್ರಶ್ನೆಗಳು.

ಅಮ್ಮಾ,

ಮೊದಲು ಮಗಳ ವಿಷಯ. ನಿಮ್ಮ ನಿದ್ದೆಗೆಡಿಸಿರುವುದು ಗುಂಡಿಯಲ್ಲ, ಆ ಮಾತು ಎಂದು ಪತ್ರ ಓದಿದರೇ ತಿಳಿಯುತ್ತದೆ. ಬೆಂಕಿ ಉರಿಯುತ್ತಿದ್ದಷ್ಟು ಹೊತ್ತೂ ಮಗುವನ್ನು ಯಾರಾದರೊಬ್ಬರು ಎತ್ತಿಕೊಂಡೇ ಇದ್ದರು ಎಂದು ನೀವೇ ಬರೆದಿದ್ದೀರಿ. ಎಲ್ಲ ಮನೆಗಳಲ್ಲೂ ಹಾಗೆಯೇ. ಉರಿ ಕಾಣುತ್ತಿದ್ದರೆ ದೊಡ್ಡವರು ಎಚ್ಚರವಾಗಿರುತ್ತಾರೆ, ಮಕ್ಕಳೂ ಹಿಂದೆ ಸರಿಯುತ್ತವೆ. ಪುಟ್ಟ ಮಕ್ಕಳು ಸುಟ್ಟುಕೊಳ್ಳುವುದು ಹೆಚ್ಚಾಗಿ ಮಾರನೆಯ ಬೆಳಿಗ್ಗೆ, ಬೆಂಕಿ ಆರಿದೆ ಎಂದು ಮನೆಮಂದಿಯೆಲ್ಲ ನಂಬಿದ ಮೇಲೆ.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮಕ್ಕಳ ಸುಟ್ಟಗಾಯ ನೋಡುವ ವೈದ್ಯರಿಗೆ ಇದೇ ಕಥೆ ಮತ್ತೆ ಮತ್ತೆ ಎದುರಾಯಿತು. ರಜೆಯಲ್ಲಿ ಕ್ಯಾಂಪಿಗೆ ಹೋದ ಕುಟುಂಬ, ಮರಳು ಮುಚ್ಚಿದ ಬೆಂಕಿ, ಬೆಳಿಗ್ಗೆ ಎದ್ದು ಅದರ ಮೇಲೆ ನಡೆದ ಇಲ್ಲವೇ ಬಿದ್ದ ಮಗು. ಅವರು 2003ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಪ್ರಕಾರ, ಬೆಂಕಿಗುಂಡಿಯಿಂದ ಸುಟ್ಟುಕೊಂಡು ಬಂದ ಮಕ್ಕಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರನ್ನು ಸುಟ್ಟಿದ್ದು ಜ್ವಾಲೆಯಲ್ಲ, ಹಿಂದಿನ ರಾತ್ರಿಯ ಬೂದಿ ಮತ್ತು ಕೆಂಡ. ಅವರು ಅಷ್ಟಕ್ಕೇ ಬಿಡದೆ ಬೆಂಕಿ ಹಾಕಿ ಅಳೆದೂ ನೋಡಿದರು. ಮರಳು ಮುಚ್ಚಿದ ಬೆಂಕಿ 8 ಗಂಟೆಯ ನಂತರವೂ ಸುಮಾರು 100 ಡಿಗ್ರಿ ಸೆಲ್ಸಿಯಸ್ ಇತ್ತು. ನೀರು ಸುರಿದದ್ದು 10 ನಿಮಿಷದಲ್ಲಿ 50 ಡಿಗ್ರಿಗೆ ಇಳಿದಿತ್ತು. 70 ಡಿಗ್ರಿಯ ಬಿಸಿನೀರು ತಗುಲಿದರೆ ದೊಡ್ಡವರ ಚರ್ಮ ಆಳವಾಗಿ ಸುಡಲು ಒಂದು ಸೆಕೆಂಡು ಸಾಕು. ಮಗುವಿನ ಚರ್ಮ ಇನ್ನೂ ತೆಳು. ಬಿದ್ದಾಗ ಮೊದಲು ನೆಲಕ್ಕೂರುವುದು ಅಂಗೈ, ಮತ್ತೆ ಏಳಲೂ ಅದನ್ನೇ ಊರಬೇಕು.

ಮರಳು ಹಾಕಿದರೆ ಬೆಂಕಿ ಆರುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ, ಪೆಟ್ರೋಲ್ ಬಂಕಿನಲ್ಲಿ ಕೆಂಪು ಬಕೆಟ್ ನೇತಾಡುವುದನ್ನು ನೋಡುತ್ತೇವೆ. ಉರಿಗೆ ಅದು ಸರಿ, ಶಾಖಕ್ಕಲ್ಲ. ನೀವು ಹಳೆಯ ಮನೆ ಕಂಡವರು. ರಾತ್ರಿ ಅಡುಗೆಯಾದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರಲ್ಲ, ಬೆಳಿಗ್ಗೆ ಕೆದಕಿ ಊದುಗೊಳವೆಯಲ್ಲಿ ನಾಲ್ಕು ಬಾರಿ ಊದಿದರೆ ಕಾಫಿಗೆ ನೀರಿಡುವಷ್ಟು ಬೆಂಕಿ ಸಿದ್ಧ. ಅಳಿಯಂದಿರು ಮರಳಿನಲ್ಲಿ ಮಾಡಿದ್ದೂ ಅದನ್ನೇ. ಆರಿಸುತ್ತಿದ್ದೇನೆ ಎಂದುಕೊಂಡು ಬೆಂಕಿಯನ್ನು ಕಾಪಿಟ್ಟರು. ಗಾಳಿ ಕಡಿಮೆಯಾಗಿ ಕೆಂಡ ನಿಧಾನವಾಗಿ ಉರಿಯಿತು, ಮೇಲಿನ ಪದರ ಶಾಖ ಹೊರಹೋಗದಂತೆ ತಡೆಯಿತು. ಒಲೆಯಲ್ಲಿ ಬೂದಿ ಇದೆ ಎಂದರೆ ಅಡಿಯಲ್ಲಿ ಕೆಂಡ ಇರುತ್ತದೆ ಎಂದು ಮನೆಯ ಮಗುವಿಗೂ ಗೊತ್ತಿತ್ತು. ಹಿತ್ತಲ ಮರಳಿಗೆ ಅಂಥ ಗುರುತಿಲ್ಲ. ಹಗಲು ಬೆಳಕಿನಲ್ಲಿ ಹೊಗೆಯಿಲ್ಲ, ಕೆಂಪಿಲ್ಲ, ಆಡಲು ಹಾಕಿಟ್ಟ ಮರಳಿನ ಹಾಗೇ ಕಾಣುತ್ತದೆ.

"ನಮ್ಮ ಕಾಲದಲ್ಲಿ ಮಕ್ಕಳು ಒಲೆಯ ಮುಂದೆಯೇ ಬೆಳೆದವು, ಏನೂ ಆಗಲಿಲ್ಲ" ಎಂಬ ನಿಮ್ಮ ಸಾಲನ್ನು ಮಾತ್ರ ನಾನು ಒಪ್ಪಲಾರೆ. ಆಗುತ್ತಿತ್ತು. ಪ್ರತಿ ಊರಿನಲ್ಲೂ ಬೆರಳು ಅಂಟಿಕೊಂಡ ಒಬ್ಬರು, ಕತ್ತಿನ ಚರ್ಮ ಎಳೆದುಕೊಂಡ ಒಬ್ಬರು ಇರುತ್ತಿದ್ದರು. ಯಾರೂ ಲೆಕ್ಕ ಇಡಲಿಲ್ಲ ಅಷ್ಟೆ. ಇಂದಿಗೂ ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಾಧಾರಣದಿಂದ ತೀವ್ರ ಮಟ್ಟದ ಸುಟ್ಟಗಾಯಕ್ಕೆ ತುತ್ತಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಆರಿಸುವುದು ಹೇಗೆ? ನೀರು. ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಲು ಎಷ್ಟು ಶಾಖ ಬೇಕೋ ಅದರ ಏಳು ಪಟ್ಟು ಆ ಕುದಿನೀರು ಆವಿಯಾಗಲು ಬೇಕು, ಅಷ್ಟನ್ನೂ ಅದು ಕೆಂಡದಿಂದಲೇ ಎಳೆದುಕೊಳ್ಳುತ್ತದೆ. ಆದರೆ ಕೊಡಪಾನ ಎತ್ತಿ ಧಡಾರನೆ ಸುರಿಯಬಾರದು. ಬಿಸಿ ಹಬೆಯೂ ಬೂದಿಯೂ ಮುಖಕ್ಕೇ ಹಾರುತ್ತವೆ. ದೂರ ನಿಂತು, ಅಂಚಿನಿಂದ ಚಿಮುಕಿಸುತ್ತಾ ಬನ್ನಿ. ಚುಯ್ ಎನ್ನುವ ಸದ್ದು ನಿಂತ ಮೇಲೆ ಕೋಲಿನಲ್ಲಿ ಕದಡಿ, ಮತ್ತೆ ನೀರು ಹಾಕಿ. ಅಂಗೈ ಬೇಡ, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಕಾವು ತಟ್ಟಿದರೆ ಇನ್ನೊಂದು ಕೊಡ. ಅಮೆರಿಕದ ಅರಣ್ಯ ಇಲಾಖೆಯವರು ಕ್ಯಾಂಪಿಗೆ ಬಂದವರಿಗೆ ಹೇಳಿಕೊಡುವುದೂ ಇದೇ ಕ್ರಮ. ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೋ ಗೊಬ್ಬರದ ಚೀಲಕ್ಕೋ ತುಂಬಬೇಡಿ. ಒಣ ಬೂದಿಯಲ್ಲಿ ಸೇರಿಕೊಂಡ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಮುಚ್ಚಳವಿರುವ ತಗಡಿನ ಡಬ್ಬಿಯೇ ಸರಿ.

ಈಗ ಅಲ್ಲಿ ಹೊಗೆಯಿಲ್ಲದ ಸ್ಟೀಲಿನ ಗುಂಡಿಗಳೂ ಬಂದಿವೆ, ಎರಡು ಗೋಡೆಯವು. ಕಾದ ಲೋಹ ಸೊಟ್ಟಗಾಗುತ್ತದೆಂದು ಅದಕ್ಕೆ ನೀರು ಹಾಕಬೇಡಿ ಎನ್ನುತ್ತಾರೆ ತಯಾರಿಸುವವರು. ಹೊಗೆ ಇಲ್ಲದ್ದರಿಂದ ಜನ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಾರೆ. ಉರಿ ನಿಂತ ಮೇಲೂ ಬಹಳ ಹೊತ್ತು ಸುಡುವ ಸ್ಟೀಲು ನೋಡಲು ತಣ್ಣಗಿದ್ದಾಗಿನ ಹಾಗೆಯೇ ಇರುತ್ತದೆ. ಚಿಕ್ಕ ಮಕ್ಕಳ ಮನೆಗೆ ಅದು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಮಗ ತರಿಸಿದ ಟೇಬಲ್ ಒಲೆ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಸೌದೆ ಗುಂಡಿಗಿಂತ ಇದೇ ಸುರಕ್ಷಿತ ಎಂದು ನೀವಿಬ್ಬರೂ ತಿಳಿದಂತಿದೆ. ನಿಜ ತಿರುಗಾಮುರುಗಾ. ಸ್ಪಿರಿಟ್ ಜ್ವಾಲೆ ತೀರ ಮಂಕು. ಬೆಳಕಿದ್ದರೆ ಕಾಣುವುದೇ ಇಲ್ಲ. ಉರಿ ನಿಂತಿತೆಂದು ಯಾರೋ ಬಾಟಲಿ ಬಗ್ಗಿಸಿ ಮತ್ತೆ ತುಂಬಿಸಲು ಹೋಗುತ್ತಾರೆ. ಬಟ್ಟಲ ತಳದಲ್ಲಿ ಉಳಿದ ಕಾಣದ ಜ್ವಾಲೆ ಸುರಿಯುವ ಧಾರೆಯನ್ನು ಹಿಡಿದು ಬಾಟಲಿಯೊಳಗಿನ ಆವಿಗೆ ತಗುಲುತ್ತದೆ. ಆಗ ಬಾಟಲಿಯ ಬಾಯಿಂದ ಬೆಂಕಿ ಪಿಚಕಾರಿಯಂತೆ ಎದುರಿಗೆ ಚಿಮ್ಮುತ್ತದೆ. ಸುಡುವುದು ಸುರಿದವರನ್ನೇ ಅಲ್ಲ, ಮೇಜಿನ ಆಚೆ ಕುಳಿತವರನ್ನೂ. ಅಮೆರಿಕದ ಗ್ರಾಹಕ ವಸ್ತು ಸುರಕ್ಷಾ ಆಯೋಗ 2024ರ ಡಿಸೆಂಬರ್‌ನಲ್ಲಿ ಹೀಗೆ ದ್ರವ ಇಂಧನ ಸುರಿದು ಹಚ್ಚುವ, ಸುರಕ್ಷಾ ಮಾನದಂಡ ಪಾಲಿಸದ ಫೈರ್ ಪಿಟ್‌ಗಳನ್ನು ಬಳಸಬೇಡಿ, ಮಾರಬೇಡಿ ಎಂದು ಎಚ್ಚರಿಕೆ ಹೊರಡಿಸಿತು. 2019ರಿಂದ ಆವರೆಗೆ ಇವುಗಳಿಂದ ಇಬ್ಬರು ಸತ್ತು ಕನಿಷ್ಠ 60 ಮಂದಿ ಗಾಯಗೊಂಡಿದ್ದರು. ಆ ಜ್ವಾಲೆಯ ಶಾಖ 870 ಡಿಗ್ರಿ ಸೆಲ್ಸಿಯಸ್ ಮೀರಬಹುದು ಎಂದೂ ಆಯೋಗ ಹೇಳಿದೆ. ಮಗ ತರಿಸಿದ್ದನ್ನು ಹಿಂದಿರುಗಿಸಲು ಆಗುವುದಾದರೆ ಹಿಂದಿರುಗಿಸಲಿ. ಆಗದಿದ್ದರೆ ಅದರಲ್ಲಿ ಹೂವಿನ ಗಿಡ ನೆಡಿ, ನನ್ನದೇನೂ ತಕರಾರಿಲ್ಲ.

ನಿಮ್ಮ ಕೆಲಸದವರು ಒದ್ದೆ ಸೌದೆಗೆ "ಸ್ವಲ್ಪ ಎಣ್ಣೆ" ಹಾಕಿ ಹಚ್ಚುತ್ತಾರೆ ಎಂದಿದ್ದೀರಿ. ಯಾವ ಎಣ್ಣೆ ಎಂದು ಬರೆದಿಲ್ಲ. ಸೀಮೆಎಣ್ಣೆ ಸಿಗುವುದು ಅಪರೂಪವಾದ ಮೇಲೆ ಬೈಕಿನ ಪೆಟ್ರೋಲ್ ಹಿಂಡುವ ಅಭ್ಯಾಸ ಎಲ್ಲ ಕಡೆ ಶುರುವಾಗಿದೆ. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸಕಲೇಶಪುರದ ಡಿಸೆಂಬರ್ ಚಳಿ ಅದಕ್ಕೆ ಚಳಿಯೇ ಅಲ್ಲ. ಆವಿ ಗಾಳಿಗಿಂತ ಭಾರ, ಗುಂಡಿಯಲ್ಲೇ ಕೂರುತ್ತದೆ, ಕಡ್ಡಿ ಗೀರಿದ ಕ್ಷಣ ಕಾಲಬುಡದಿಂದ ಏಳುತ್ತದೆ. ಇನ್ನೂ ಕೆಟ್ಟದ್ದು, ಸೊರಗಿದ ಬೆಂಕಿಯನ್ನು ಎಬ್ಬಿಸಲು ಕ್ಯಾನಿನಿಂದ ಸುರಿಯುವುದು. ಟೇಬಲ್ ಒಲೆಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಒಣಗಿದ ತೆಂಗಿನ ಗರಿ, ಸಿಲ್ವರ್ ಓಕ್ ತರಗು, ಎರಡು ಬಿಲ್ಲೆ ಕರ್ಪೂರ ಇದ್ದರೆ ಎಣ್ಣೆಯ ಹಂಗಿಲ್ಲ. ಸೌದೆಯನ್ನು ಮಳೆಗಾಲದ ಮುಂಚೆಯೇ ಸೂರಿನಡಿ ಒಟ್ಟಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮೊಮ್ಮಗನ ಕೈಗೆ ಬರುತ್ತೇನೆ. ನೀವು ಫೋನಿನಲ್ಲಿ ಜೇನುತುಪ್ಪ ಹಚ್ಚು ಎಂದಿರಿ, ಮಗಳು ಕೇಳದೆ ಕೈಯನ್ನು ನಲ್ಲಿಯ ಕೆಳಗೇ ಹಿಡಿದಿದ್ದಳು. ಅವಳು ಮಾಡಿದ್ದು ಸರಿ. ಹರಿಯುವ ತಣ್ಣೀರು, ಪೂರ್ತಿ 20 ನಿಮಿಷ. ಸುಟ್ಟ ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಉಪಯೋಗವಿದೆ. ಐಸ್ ಬೇಡ. ಜೇನು, ತುಪ್ಪ, ದೋಸೆ ಹಿಟ್ಟು, ಇಂಕು, ಟೂತ್‌ಪೇಸ್ಟ್, ಕಾಫಿಪುಡಿ ಯಾವುದೂ ಬೇಡ. ಆಸ್ಪತ್ರೆಯಲ್ಲಿ ಅದನ್ನೆಲ್ಲ ಕೆರೆದು ತೆಗೆಯುವಾಗ ಮಗು ಎರಡನೇ ಸಲ ನರಳಬೇಕು. ನೀರಿನಡಿ ಕೈ ಹಿಡಿದಿರುವಾಗ ಉಳಿದ ಮೈಯನ್ನು ಬೆಚ್ಚಗೆ ಹೊದಿಸಬೇಕು. ಕಪ್ಪು ಬಳೆ, ಬೆಳ್ಳಿ ಕಡಗ, ದೃಷ್ಟಿ ದಾರ ಇದ್ದರೆ ಊತ ಬರುವ ಮುಂಚೆ ತೆಗೆಯಬೇಕು. ಆಮೇಲೆ ಶುದ್ಧವಾದ ಬಟ್ಟೆಯನ್ನೋ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ. ನಮ್ಮ ಕಡೆಯಾದರೆ 108. ಆಳವಾದ ಗಾಯಕ್ಕೆ ಸುಟ್ಟಗಾಯದ ಪ್ರತ್ಯೇಕ ವಿಭಾಗವೇ ಬೇಕು, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಇರುವಂಥದ್ದು. ಅಳು ನಿಂತಿತೆಂದು ಸಮಾಧಾನಪಡಬಾರದು. ಗಾಯ ಆಳವಾದಾಗ ನರವೂ ಸುಟ್ಟು ನೋವು ಕಡಿಮೆಯಾಗಿರುತ್ತದೆ.

"ಡಾಕ್ಟರು ಬರೀ ಬ್ಯಾಂಡೇಜ್ ಬದಲಾಯಿಸುತ್ತಿದ್ದಾರೆ, ಆಪರೇಷನ್ ಮಾಡುತ್ತಿಲ್ಲ" ಎಂಬ ಆತಂಕ ಬೇಡ. ಅಂಗೈಯ ಚರ್ಮ ಮೈಯ ಬೇರೆಲ್ಲೂ ಇರುವಂಥದ್ದಲ್ಲ, ತೊಡೆಯಿಂದ ತೆಗೆದು ಹಚ್ಚಿದ ಚರ್ಮ ಅದಕ್ಕೆ ಸಾಟಿಯಾಗುವುದಿಲ್ಲ. ಹಾಗಾಗಿ ಮಕ್ಕಳ ಅಂಗೈ ತಾನಾಗಿ ಮಾಯುತ್ತದೆಯೇ ಎಂದು ಎರಡು ಮೂರು ವಾರ ಕಾಯುವುದು ಸಾಮಾನ್ಯ ಕ್ರಮ. ನೀವು ಗಮನ ಕೊಡಬೇಕಾದದ್ದು ಮಾದ ಮೇಲೆ. ಕಲೆ ಕುಗ್ಗುತ್ತದೆ, ಕೈ ಬೆಳೆಯುತ್ತದೆ, ಬೆರಳು ಒಳಗೆ ಮಡಚಿಕೊಳ್ಳತೊಡಗುತ್ತದೆ. ರಾತ್ರಿ ಕಟ್ಟುವ ಪಟ್ಟಿ, ಬಿಗಿ ಕೈಗವಸು, ಬೆರಳಿನ ವ್ಯಾಯಾಮ ಮಗುವಿಗೆ ಕಿರಿಕಿರಿ, ತಾಯಿಗೆ ದುಪ್ಪಟ್ಟು. ಆಗ "ಪಾಪ, ಅಳುತ್ತಾನೆ, ಇವತ್ತೊಂದಿನ ಬಿಡು" ಎನ್ನುವ ಅಜ್ಜಿ ನೀವಾಗಬೇಡಿ.

ಗುಂಡಿ ಮುಚ್ಚಬೇಕಾಗಿಲ್ಲ. ಅಮೆರಿಕದ ಹಲವು ಊರುಗಳು ಪಾಲಿಸುವ ಅಗ್ನಿ ಸಂಹಿತೆಯಲ್ಲಿ ಇಂಥ ಬೆಂಕಿಗೆ ಅಳತೆ ಹೇಳಿದೆ: ಅಗಲ 3 ಅಡಿ, ಎತ್ತರ 2 ಅಡಿ ಮೀರಬಾರದು, ಕಟ್ಟಡದಿಂದ 25 ಅಡಿ ದೂರವಿರಬೇಕು. ನಿಮ್ಮದು ಜಗುಲಿಯಿಂದ ಹತ್ತೇ ಹೆಜ್ಜೆ ಎಂದಿದ್ದೀರಿ. ಹಂಚಿನ ಮಾಡು, ಒಣಗಿದ ಅಡಿಕೆ ದಬ್ಬೆ ಎಲ್ಲ ನೆನೆದರೆ ಅದನ್ನು ಅಂಗಳದ ಆ ತುದಿಗೆ ಸಾಗಿಸುವುದೇ ಒಳ್ಳೆಯದು. ಅಲಂಕಾರಕ್ಕೆ ಹೇಮಾವತಿ ಹೊಳೆಯ ನುಣುಪು ಕಲ್ಲು ಜೋಡಿಸಿದ್ದೀರಂತೆ. ತೆಗೆಸಿಬಿಡಿ, ಒಳಗೆ ನೀರು ಕುಡಿದ ಕಲ್ಲು ಕಾದಾಗ ಸಿಡಿಯುತ್ತದೆ. ಪ್ಲಾಸ್ಟಿಕ್ ಕುರ್ಚಿ ಸುತ್ತ ಬೇಡ. ಕುಡಿದು ಬಂದವರನ್ನು ಅಂಚಿನಲ್ಲಿ ಕೂರಿಸದಂತೆ ನೋಡಿಕೊಳ್ಳುವುದು ನಿಮಗೆ ಮುಜುಗರ, ಆದರೂ ಮಾಡಬೇಕು.

ಇವೆಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ನೀರು ಸುರಿಯುವ ಕೆಲಸ ಯಾರದು ಎಂದು ಒಬ್ಬರ ಹೆಸರಿಗೆ ಕಟ್ಟಿ. ಅತಿಥಿಗಳು ಎದ್ದುಹೋಗುವುದು ಹನ್ನೊಂದಕ್ಕೋ ಹನ್ನೆರಡಕ್ಕೋ, ಆ ಹೊತ್ತಿಗೆ ಕೆಲಸದವರು ಮಲಗಿರುತ್ತಾರೆ, ಬೆಳಿಗ್ಗೆ ಮೊದಲು ಅಂಗಳಕ್ಕೆ ಇಳಿಯುವುದು ಊರಿಂದ ಬಂದ ಮಕ್ಕಳು. ಹತ್ತೂವರೆಗೆ ಬೆಂಕಿ ಆರಿಸುತ್ತೇವೆ ಎಂದು ಕೋಣೆಯ ಬೀಗದ ಕೈ ಕೊಡುವಾಗಲೇ ಹೇಳಿಬಿಡಿ, ಎರಡು ಕೊಡ ನೀರು ಗುಂಡಿಯ ಪಕ್ಕ ಸಂಜೆಯೇ ಇಡಿಸಿ.

ಈ ಪುಟವನ್ನು ಬೀಗಿತ್ತಿಯವರಿಗೆ ಕಳಿಸಲೇ ಎಂದು ಕೇಳಿದ್ದೀರಿ. ಕಳಿಸಿ. ಮರಳು ಹಾಕಿದ್ದು ಅವರ ಮಗ ಎಂಬುದನ್ನು ಮಾತ್ರ ನೀವಾಗಿ ಎತ್ತಬೇಡಿ, ಓದಿದರೆ ಅವರಿಗೇ ಗೊತ್ತಾಗುತ್ತದೆ.

– ಸಂಪಾದಕ