ಆಡಿಟರ್ ಐಎಫ್‌ಸಿ ಫೈಲ್ ಕೇಳಿದ್ದಾರೆ, ಹಳೆಯ ಎಕ್ಸೆಲ್ ಕೊಟ್ಟರೆ ನಡೆಯುತ್ತಾ?

ನೀವು ಕೇಳಿರುವುದು ಇಷ್ಟು. ಗಂಗಾವತಿಯ ಒಂದು ಟ್ರ್ಯಾಕ್ಟರ್-ವಾಹನ ಸಾಲದ ಎನ್‌ಬಿಎಫ್‌ಸಿಗೆ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿಗೆ) ಅಕೌಂಟ್ಸ್ ಮ್ಯಾನೇಜರ್ ಆಗಿ ಹೊಸದಾಗಿ ಸೇರಿದ್ದೀರಿ. ಸಿಂಧನೂರು, ಕಾರಟಗಿ, ಮಾನ್ವಿ, ಸಿರುಗುಪ್ಪ ಕಡೆ ಶಾಖೆಗಳಿವೆ. ಡಿಸೆಂಬರ್‌ನಲ್ಲಿ ಆಡಿಟರ್ ಮೊದಲ ಸುತ್ತು ಬರುತ್ತಾರೆ, ಹಣಕಾಸು ವರದಿಯ ಇಂಟರ್ನಲ್ ಕಂಟ್ರೋಲ್ (ಐಎಫ್‌ಸಿ) ಫೈಲ್ ರೆಡಿ ಇಡಿ ಅಂದಿದ್ದಾರೆ. ಲೆಕ್ಕದಲ್ಲಿ ತಪ್ಪು, ಮೋಸ ಆಗದಂತೆ ಕಂಪನಿಯೊಳಗೆ ಯಾರು ಏನು ತಾಳೆ ನೋಡುತ್ತಾರೆ ಅನ್ನುವ ಪಟ್ಟಿ ಅದು. ನಿಮ್ಮ ಹಿಂದಿನವರು ಬಿಟ್ಟುಹೋದ 140 ಸಾಲಿನ ಎಕ್ಸೆಲ್ ಒಂದಿದೆ. ವರ್ಷ ಬದಲಿಸಿ ಅದನ್ನೇ ಕೊಡಲಾ ಅಂತ ನಿಮ್ಮ ಪ್ರಶ್ನೆ.

ಕೊಡಬೇಡಿ. ಖಾಲಿ ಕೈಯಲ್ಲಿ ಕೂತರೂ ಪರವಾಗಿಲ್ಲ, ಅದನ್ನು ಮಾತ್ರ ಕೊಡಬೇಡಿ.

ನಾನು ಬಳ್ಳಾರಿಯಲ್ಲಿ ಇಂಥದ್ದೇ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ಈ ಎಕ್ಸೆಲ್‌ಗಳು ನಮ್ಮ ಕಡೆ ಕೈಯಿಂದ ಕೈಗೆ ದಾಟಿ ಬಂದಿರುತ್ತವೆ. ಯಾವುದೋ ಫ್ಯಾಕ್ಟರಿಗೆ ಮಾಡಿದ್ದನ್ನು ಹೆಸರು ಬದಲಿಸಿ ಫೈನಾನ್ಸ್ ಕಂಪನಿಗೆ ಅಂಟಿಸಿರುತ್ತಾರೆ. ಒಮ್ಮೆ 'ಗೋದಾಮು' ಅಂತ ಸರ್ಚ್ ಕೊಟ್ಟು ನೋಡಿ. ಸಾಲ ಕೊಡುವ ಕಂಪನಿಯಲ್ಲಿ ಸಿದ್ಧ ಸರಕು ಎಣಿಸುವ ಕಂಟ್ರೋಲ್ ಸಿಕ್ಕರೆ ಆಶ್ಚರ್ಯಪಡಬೇಡಿ. ನಾನು ನೋಡಿದ ಒಂದರಲ್ಲಿ ಬಾಯ್ಲರ್ ವಿಮೆಯೂ ಇತ್ತು.

ಮೊದಲು ಕಾನೂನು, ಚುಟುಕಾಗಿ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 143(3)(i) ಪ್ರಕಾರ, ಹಣಕಾಸು ವರದಿಗೆ ಸಂಬಂಧಿಸಿದ ಇಂಟರ್ನಲ್ ಕಂಟ್ರೋಲ್ ಸಾಕಷ್ಟಿದೆಯಾ, ಅದು ನಿಜವಾಗಿ ನಡೆಯುತ್ತಿದೆಯಾ ಅಂತ ಆಡಿಟರ್ ತಮ್ಮ ವರದಿಯಲ್ಲಿ ಹೇಳಲೇಬೇಕು. ಪ್ರೈವೇಟ್ ಕಂಪನಿಗೆ 2017ರ ಜೂನ್‌ನಲ್ಲಿ ಒಂದು ವಿನಾಯಿತಿ ಬಂತು. ಕೊನೆಯ ಆಡಿಟ್ ಆದ ಲೆಕ್ಕದಲ್ಲಿ ವಹಿವಾಟು 50 ಕೋಟಿಗಿಂತ ಕಡಿಮೆ ಇರಬೇಕು, ಜೊತೆಗೆ ಬ್ಯಾಂಕು, ಹಣಕಾಸು ಸಂಸ್ಥೆ, ಬೇರೆ ಕಂಪನಿಗಳಿಂದ ತಂದ ಸಾಲ ವರ್ಷದ ಯಾವ ದಿನವೂ 25 ಕೋಟಿ ಮುಟ್ಟಿರಬಾರದು. ಎರಡೂ ಬೇಕು. ಬ್ಯಾಂಕಿನಿಂದ ತಂದು ರೈತರಿಗೆ ಕೊಡುವುದೇ ನಮ್ಮ ದಂಧೆ, 25 ಕೋಟಿ ದಾಟೋದು ಎಷ್ಟು ಹೊತ್ತು? ನಿಮ್ಮ ಆಡಿಟರ್ ಕೇಳಿದ್ದಾರೆ ಅಂದ್ರೆ ದಾಟಿರುತ್ತೀರಿ. ಅಂದಹಾಗೆ, ಪಕ್ಕದ ಬೀದಿಯ ಸೌಹಾರ್ದ ಸಹಕಾರಿಯವರು 'ನಮಗೇನೂ ಕೇಳಲ್ಲಪ್ಪ' ಅಂದರೆ ಅವರ ಮಾತು ಹಿಡಿದುಕೊಳ್ಳಬೇಡಿ. ಅವರದು 1997ರ ಸೌಹಾರ್ದ ಕಾಯ್ದೆ, ಲೆಕ್ಕವೇ ಬೇರೆ.

ಈಗ ಆ ಫೈಲ್ ಯಾಕೆ ಅಪಾಯ ಅಂತ ಹೇಳುತ್ತೇನೆ. ಆಡಿಟರ್ ಎರಡು ನೋಡುತ್ತಾರೆ. ಕಂಟ್ರೋಲ್ ಸರಿಯಾಗಿ ಯೋಚಿಸಿ ಮಾಡಿದ್ದಾ, ಮತ್ತು ನೀವು ಬರೆದ ಹಾಗೇ ನಡೆದಿದೆಯಾ. 'ದಿನಾ ಸಂಜೆ ಶಾಖೆ ಮ್ಯಾನೇಜರ್ ನಗದು ಎಣಿಸಿ ಸಹಿ ಮಾಡುತ್ತಾರೆ' ಅಂತ ಬರೆದಿದ್ದರೆ, ವರ್ಷದಿಂದ ಇಪ್ಪತ್ತು-ಇಪ್ಪತ್ತೈದು ದಿನ ಅವರೇ ಆರಿಸಿ, ಆ ದಿನದ ಸಹಿ ತೋರಿಸಿ ಅನ್ನುತ್ತಾರೆ. ತಿಂಗಳಿಗೊಮ್ಮೆ ಮಾಡುವ ಕೆಲಸಕ್ಕೆ ಎರಡೋ ಮೂರೋ ತಿಂಗಳು. ವರ್ಷಕ್ಕೊಮ್ಮೆಯದಕ್ಕೆ ಅದೊಂದೇ. ನಿಮ್ಮ 140 ಸಾಲಿನಲ್ಲಿ ಅರ್ಧದಷ್ಟು ಯಾರೂ ಮಾಡುತ್ತಿಲ್ಲ ಅಂದ್ರೆ ನಿಮ್ಮ ಕಾಗದವೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತದೆ. ಮಾಡದೆ ಇರೋದಕ್ಕಿಂತ, ಮಾಡ್ತೀವಿ ಅಂತ ಬರೆದು ಮಾಡದೆ ಇರೋದು ಅವರ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ.

ಆದ್ದರಿಂದ ಕಡಿಮೆ ಬರೆಯಿರಿ. ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಗಳ ಮೊತ್ತದ ಪಟ್ಟಿ) ಮುಂದಿಟ್ಟುಕೊಳ್ಳಿ. ನಮ್ಮಂಥ ಕಂಪನಿಯಲ್ಲಿ ದೊಡ್ಡ ಮೊತ್ತಗಳು ಐದಾರೇ: ಕೊಟ್ಟ ಸಾಲ, ಬಡ್ಡಿ ಆದಾಯ, ಎನ್‌ಪಿಎ ಪ್ರೊವಿಷನ್ (ಕಂತು ನಿಂತು ಕೆಟ್ಟ ಸಾಲದ ನಷ್ಟಕ್ಕೆ ತೆಗೆದಿಡುವ ಮೊತ್ತ), ತಂದ ಸಾಲ, ನಗದು ಮತ್ತು ಬ್ಯಾಂಕು, ಸಂಬಳ. ಒಂದೊಂದರಲ್ಲೂ ಎಲ್ಲಿ ತಪ್ಪಾಗಬಹುದು ಅಂತ ಕೇಳಿಕೊಳ್ಳಿ. ಆ ತಪ್ಪನ್ನು ಈಗ ಯಾರು ಹಿಡಿಯುತ್ತಿದ್ದಾರೆ ಅಂತ ನೋಡಿ. ಯಾರೋ ಒಬ್ಬರು ಹಿಡಿಯುತ್ತಿದ್ದರೆ ಅದೇ ಕಂಟ್ರೋಲ್. ಮೂವತ್ತು-ನಲವತ್ತು ಬಂದರೆ ಸಾಕು. ಟೀ ಬಿಲ್ಲಿಗೆ ಕಂಟ್ರೋಲ್ ಬರೆದು ಕೂರಬೇಡಿ.

ಆದರೆ ಇದನ್ನು ಹೆಡ್ ಆಫೀಸಿನ ಎಸಿ ರೂಮಿನಲ್ಲಿ ಕೂತು ಮಾಡೋಕಾಗಲ್ಲ. ಶಾಖೆಗೆ ಹೋಗಿ. ಒಂದು ಕಂತು ಹೇಗೆ ಬರುತ್ತದೆ ಅಂತ ಮೊದಲಿಂದ ಕೊನೆಯವರೆಗೆ ಹಿಂಬಾಲಿಸಿ. ಮಸ್ಕಿ ಹತ್ತಿರದ ಒಂದು ಹಳ್ಳಿಯಲ್ಲಿ ನಿಮ್ಮ ವಸೂಲಿ ಹುಡುಗ ಸಂಜೆ ಆರಕ್ಕೆ ರೊಕ್ಕ ಇಸಿದುಕೊಳ್ಳುತ್ತಾನೆ. ಮೊಬೈಲ್ ಆ್ಯಪಿನಲ್ಲಿ ರಸೀದಿ ಕೊಡುತ್ತಾನೆ, ನೆಟ್‌ವರ್ಕ್ ಇಲ್ಲದಿದ್ದರೆ ಪುಸ್ತಕದ ರಸೀದಿ. ಸಿಂಧನೂರಿಗೆ ಬರೋ ಹೊತ್ತಿಗೆ ಕ್ಯಾಶಿಯರ್ ಮನೆಗೆ ಹೋಗಿರುತ್ತಾನೆ. ರೊಕ್ಕ ಆ ರಾತ್ರಿ ಎಲ್ಲಿರುತ್ತದೆ? ಈ ಒಂದು ಪ್ರಶ್ನೆಗೆ ನಿಮ್ಮ ಶಾಖೆಗಳು ಬೇರೆ ಬೇರೆ ಉತ್ತರ ಕೊಟ್ಟರೆ ನಿಮಗೆ ಕೆಲಸ ಸಿಕ್ಕಿತು ಅಂತ ಅರ್ಥ.

ಇದೇ ಕಥೆ ಮಾರ್ಚ್ 31ಕ್ಕೆ ಬಂದಾಗ ನೋಡಿ. ರಸೀದಿ 31ರ ತಾರೀಖಿನದು. ಏಪ್ರಿಲ್ 1ಕ್ಕೆ ವಾರ್ಷಿಕ ಲೆಕ್ಕ ಮುಗಿಸಲು ಬ್ಯಾಂಕುಗಳು ಗ್ರಾಹಕರಿಗೆ ರಜೆ. ರೊಕ್ಕ ಜಮಾ ಆಗೋದು 2ಕ್ಕೆ, ಮಧ್ಯೆ ಭಾನುವಾರ ಬಿದ್ದರೆ ಇನ್ನೂ ಮುಂದೆ. ಅಲ್ಲಿಯವರೆಗೂ ಅದು ನಿಮ್ಮ ಬ್ಯಾಲೆನ್ಸ್ ಶೀಟಿನಲ್ಲಿ 'ಕೈಯಲ್ಲಿರುವ ನಗದು'. ನೋಟುಗಳ ವಿವರ ಬರೆದ ಚೀಟಿ, ಇಬ್ಬರ ಸಹಿ, ಆ ರಾತ್ರಿಯೇ ಹೆಡ್ ಆಫೀಸಿಗೆ ಕಳಿಸಿದ ಫೋಟೋ ಇದ್ದರೆ ಆಡಿಟರ್ ಮುಂದಿನ ಪ್ರಶ್ನೆ ಕೇಳಲ್ಲ. ಚೀಟಿ ಏಪ್ರಿಲ್ ಹತ್ತಕ್ಕೆ ಬರೆದದ್ದಾದರೆ ಅವರಿಗೆ ಗೊತ್ತಾಗುತ್ತದೆ, ನಂಬಿ.

ಇದರ ಇನ್ನೊಂದು ಮುಖ ಕೆಟ್ಟದ್ದು. 31ರ ಸಂಜೆ ಒಂದಷ್ಟು ಹಳೆ ಬಾಕಿದಾರರ ಖಾತೆಗೆ ಕಂತು ಬಂದ ಹಾಗೆ ಎಂಟ್ರಿ, ಏಪ್ರಿಲ್ ಮೊದಲ ವಾರ ಸದ್ದಿಲ್ಲದೆ ರಿವರ್ಸಲ್. ಟಾರ್ಗೆಟ್ ಒತ್ತಡ ಇರುವ ಕಡೆ ಇದು ಆಗುತ್ತದೆ. ಏಪ್ರಿಲ್ 1ರಿಂದ 15ರವರೆಗಿನ ಎಲ್ಲಾ ರಿವರ್ಸಲ್ ಪಟ್ಟಿ ತೆಗೆದು ಶಾಖೆಗೆ ಸಂಬಂಧ ಇಲ್ಲದ ಒಬ್ಬರು ನೋಡಬೇಕು. ಈ ಒಂದೇ ಕಂಟ್ರೋಲ್ ನಿಮ್ಮ ಫೈಲಿನ ಐವತ್ತು ಸಾಲಿಗೆ ಸಮ.

ಆಮೇಲೆ ಸಸ್ಪೆನ್ಸ್ ಅಕೌಂಟ್, ಅಂದ್ರೆ ಯಾರದ್ದು ಅಂತ ಗೊತ್ತಾಗದ ಹಣವನ್ನು ತಾತ್ಕಾಲಿಕವಾಗಿ ಹಾಕಿಡುವ ಖಾತೆ. ಯುಪಿಐ ಬಂದ ಮೇಲೆ ನಗದು ಕಡಿಮೆಯಾಗಿ ಈ ತಲೆನೋವು ಜಾಸ್ತಿಯಾಗಿದೆ. ಸಾಲ ಅಪ್ಪನ ಹೆಸರಲ್ಲಿ, ಹಾಕುವವನು ಮಗ, ಫೋನ್ ಅಳಿಯನದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಬರೋದು ಅಳಿಯನ ಹೆಸರು ಮತ್ತು 18,500 ರೂಪಾಯಿ. ಯಾವ ಸಾಲಕ್ಕೆ? ಗೊತ್ತಿಲ್ಲ, ಸಸ್ಪೆನ್ಸ್‌ಗೆ ಹಾಕು. ಅದು ಅಲ್ಲಿ ಮೂರು ತಿಂಗಳು ಕೂತರೆ ಏನಾಯ್ತು? ರೈತ ಕಟ್ಟಿದ್ದಾನೆ, ನಿಮ್ಮ ಲೆಕ್ಕದಲ್ಲಿ ಅವನು ಬಾಕಿದಾರ. ಬಾಕಿ ದಿನಗಳ ಲೆಕ್ಕ ತಪ್ಪು, ಎನ್‌ಪಿಎ ತಪ್ಪು, ಪ್ರೊವಿಷನ್ ತಪ್ಪು, ಮೇಲೆ ರಿಕವರಿಯವನು ಅವನ ಮನೆ ಬಾಗಿಲಿಗೆ ಹೋಗಿ ಬೈಸಿಕೊಂಡು ಬರುತ್ತಾನೆ. ವಾರಕ್ಕೊಮ್ಮೆ ಸಸ್ಪೆನ್ಸ್‌ನ ವಯಸ್ಸು ಲೆಕ್ಕ ಹಾಕಿ, ಏಳು ದಿನ ದಾಟಿದ್ದನ್ನು ಶಾಖೆಗೆ ಕಳಿಸಿ, ಉತ್ತರ ಬರೆಸಿಕೊಳ್ಳಿ. ಪ್ರತಿ ಸಾಲಕ್ಕೂ ಬೇರೆ ಕ್ಯೂಆರ್ ಕೊಟ್ಟರೆ ಅರ್ಧ ತೊಂದರೆ ಬುಡದಲ್ಲೇ ಹೋಗುತ್ತದೆ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ಜಾಗ ಇದೆ, ಬೆಂಗಳೂರಿನ ಕನ್ಸಲ್ಟೆಂಟುಗಳು ಇದನ್ನು ಸಾಮಾನ್ಯವಾಗಿ ಗಮನಿಸಲ್ಲ. ಕಾಲುವೆ ಭಾಗದ ರೈತನ ಕೈಗೆ ರೊಕ್ಕ ಬರೋದು ಭತ್ತ ಮಾರಿದಾಗ. ಅದಕ್ಕೇ ಟ್ರ್ಯಾಕ್ಟರ್ ಸಾಲಕ್ಕೆ ಆರು ತಿಂಗಳ ಕಂತು. ನೀರು ತಡವಾದರೆ ಕೊಯ್ಲು ತಡ, ಕೊಯ್ಲು ತಡವಾದರೆ ಶಾಖೆಯಿಂದ ಫೋನ್: 'ಸರ್, ಕಂತಿನ ತಾರೀಖು ಸ್ವಲ್ಪ ಮುಂದೆ ಹಾಕ್ರಿ'. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ವಾರ ಇಂಥ ಫೋನುಗಳು ಎಷ್ಟು ಬಂದವು ಅಂತ ಕೇಳಬೇಡಿ, ಬೆಳೆ ಇನ್ನೂ ಗದ್ದೆಯಲ್ಲೇ ಇತ್ತು. ರೈತನ ಕಷ್ಟ ಸುಳ್ಳಲ್ಲ. ಆದರೆ ಸಿಸ್ಟಮ್‌ನಲ್ಲಿ ತಾರೀಖು ಬದಲಿಸಿದರೆ ಬಾಕಿ ದಿನಗಳ ಲೆಕ್ಕ ಸೊನ್ನೆಗೆ ಬರುತ್ತದೆ, ಎನ್‌ಪಿಎ ಆಗಬೇಕಾದ ಸಾಲ ಆರೋಗ್ಯವಾಗಿ ಕಾಣುತ್ತದೆ. ಕಷ್ಟದಲ್ಲಿರುವ ಸಾಲಗಾರನಿಗೆ ಹೀಗೆ ಗಡುವು ಮುಂದೂಡಿದರೆ ಅದು ರೀಸ್ಟ್ರಕ್ಚರಿಂಗ್, ಅದಕ್ಕೆ ಬೇರೆ ನಿಯಮ, ಬೇರೆ ಪ್ರೊವಿಷನ್. ಆದ್ದರಿಂದ ತಾರೀಖು, ಬಡ್ಡಿ ದರ, ಕಂತಿನ ಸಂಖ್ಯೆ ಬದಲಿಸುವ ಅಧಿಕಾರ ಶಾಖೆಗೆ ಇರಲೇಬಾರದು. ಒಬ್ಬರು ಎಂಟ್ರಿ, ಇನ್ನೊಬ್ಬರು ಒಪ್ಪಿಗೆ, ಕಾರಣ ಲಿಖಿತವಾಗಿ. ತಿಂಗಳ ಕೊನೆಗೆ ಬದಲಾದ ಎಲ್ಲಾ ಸಾಲಗಳ ಪಟ್ಟಿ ನಿಮ್ಮ ಟೇಬಲ್ಲಿಗೆ ಬರಬೇಕು. 2021ರ ನವೆಂಬರ್ 12ರ ಆರ್‌ಬಿಐ ಸುತ್ತೋಲೆಯಲ್ಲಿ ಬಂದ ನಿಯಮ ಕೂಡ ಓದಿ. ಎನ್‌ಪಿಎ ಗುರುತಿಸುವುದು ಆಯಾ ದಿನದ ಕೊನೆಗೆ, ತಿಂಗಳ ಕೊನೆಗೆ ಅಲ್ಲ. ಒಮ್ಮೆ ಎನ್‌ಪಿಎ ಆದ ಸಾಲವನ್ನು ಮೇಲೆ ತರಬೇಕಾದರೆ ಪೂರ್ತಿ ಬಾಕಿ ಕಟ್ಟಿರಬೇಕು, ಒಂದು ಕಂತು ಕಟ್ಟಿದ್ದು ಸಾಲದು. ನಿಮ್ಮ ಸಾಫ್ಟ್‌ವೇರ್ ಹಾಗೇ ಮಾಡುತ್ತಿದೆಯಾ? ನಾಲ್ಕೈದು ಖಾತೆ ಕೈಯಲ್ಲಿ ಲೆಕ್ಕ ಹಾಕಿ ಹೋಲಿಸಿ, ಆ ಕಾಗದ ಫೈಲಿಗೆ ಹಾಕಿ. ಸಾಫ್ಟ್‌ವೇರಿನ ರಿಪೋರ್ಟ್ ಪೂರ್ತಿ ಇದೆ, ಸರಿ ಇದೆ ಅಂತ ನಿಮಗೆ ಹೇಗೆ ಗೊತ್ತು ಅಂತ ಆಡಿಟರ್ ಕೇಳಿಯೇ ಕೇಳುತ್ತಾರೆ.

ಸಾಫ್ಟ್‌ವೇರ್ ಮಾತು ಬಂದದ್ದಕ್ಕೆ ಎರಡು ವಿಷಯ. 2023ರ ಏಪ್ರಿಲ್ 1ರಿಂದ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ (ಎಂಟ್ರಿಯಲ್ಲಿ ಏನು, ಯಾವಾಗ ಬದಲಾಯಿತು ಅನ್ನುವ ದಾಖಲೆ) ಕಡ್ಡಾಯ, ವರ್ಷಪೂರ್ತಿ ಆನ್ ಇತ್ತಾ ಅಂತ ಆಡಿಟರ್ ಬೇರೆಯಾಗಿಯೇ ವರದಿ ಮಾಡುತ್ತಾರೆ. ಟ್ಯಾಲಿಯಲ್ಲಿ ಇದ್ದು, ಸಾಲದ ಸಾಫ್ಟ್‌ವೇರಿನಲ್ಲಿ ಇಲ್ಲದ ಕಂಪನಿಗಳಿವೆ, ವೆಂಡರ್ ಹತ್ತಿರ ಲಿಖಿತವಾಗಿ ಕೇಳಿ. ಎರಡನೆಯದು ಯೂಸರ್ ಐಡಿ. ನಮ್ಮ ಕ್ಷೇತ್ರದಲ್ಲಿ ಹುಡುಗರು ಬರುತ್ತಾರೆ, ಹೋಗುತ್ತಾರೆ. ಬಿಟ್ಟುಹೋದವರ ಪಟ್ಟಿ ಎಚ್‌ಆರ್ ಹತ್ತಿರ ತಗೊಂಡು ಸಿಸ್ಟಮ್‌ನ ಐಡಿ ಪಟ್ಟಿ ಜೊತೆ ತಾಳೆ ನೋಡಿ. ಬಿಟ್ಟುಹೋದವನ ಐಡಿಯಲ್ಲಿ ನಿನ್ನೆ ಎಂಟ್ರಿ ಬಿದ್ದಿದ್ದರೆ ನಿಮ್ಮ ಮುಂದಿನ ವಾರ ಅದಕ್ಕೇ ಹೋಗುತ್ತದೆ.

ಸಹಿಯ ವಿಷಯ. ಹನ್ನೆರಡು ತಿಂಗಳ ಬ್ಯಾಂಕ್ ರೀಕನ್ಸಿಲಿಯೇಷನ್ (ನಮ್ಮ ಪುಸ್ತಕ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ), ಹನ್ನೆರಡಕ್ಕೂ ಒಂದೇ ನೀಲಿ ಪೆನ್ನು, ಒಂದೇ ಒತ್ತು, ಒಂದೇ ಓರೆ. ಒಂದೇ ಮಧ್ಯಾಹ್ನ ಕೂತು ಸಹಿ ಹಾಕಿದ್ದು ಅಂತ ಸಿಎ ತರಬೇತಿಗೆ ಬಂದ ಚಿಕ್ಕ ಆರ್ಟಿಕಲ್ ಹುಡುಗನೂ ಹೇಳುತ್ತಾನೆ. ಸುಮ್ನೆ ಸಹಿ ಇದ್ದರೆ ಪರಿಶೀಲನೆ ಆಗಿದೆ ಅಂತ ಯಾರೂ ಒಪ್ಪಲ್ಲ. ಏನು ನೋಡಿದಿರಿ, ಏನು ಕೇಳಿದಿರಿ ಅನ್ನೋದು ಕಾಣಬೇಕು. 'ಈ ಚೆಕ್ ಎರಡು ತಿಂಗಳಿಂದ ಕ್ಲಿಯರ್ ಆಗಿಲ್ಲ, ಯಾಕೆ?' ಅಂತ ಮಾರ್ಜಿನ್‌ನಲ್ಲಿ ಗೀಚಿ, ಅದಕ್ಕೆ ಬಂದ ಉತ್ತರದ ಇಮೇಲ್ ಪಿನ್ ಮಾಡಿದ್ದರೆ ಅದು ಹತ್ತು ಸಹಿಗಿಂತ ಮೇಲು. ಮುಖ್ಯವಾಗಿ, ಹಿಂದಿನ ತಿಂಗಳದ್ದಕ್ಕೆ ಈಗ ಸಹಿ ಹಾಕಬೇಡಿ, ಹಾಕಿಸಬೇಡಿ. ಮಾಡಿಲ್ಲ ಅಂದ್ರೆ ಮಾಡಿಲ್ಲ ಅಂತ ಹೇಳಿ. ಕಂಟ್ರೋಲ್ ತಪ್ಪಿಹೋಗಿದ್ದು ಒಂದು ಕೊರತೆ, ಹಿಂದಿನ ತಾರೀಖಿನ ಸಹಿ ಮೋಸದ ಪ್ರಶ್ನೆ.

ನಿಮಗೊಂದು ಸಮಾಧಾನದ ವಿಷಯವೂ ಇದೆ. ಇಂಟರ್ನಲ್ ಕಂಟ್ರೋಲ್ ಬಗ್ಗೆ ಆಡಿಟರ್ ಅಭಿಪ್ರಾಯ ಕೊಡೋದು ಬ್ಯಾಲೆನ್ಸ್ ಶೀಟ್ ತಾರೀಖಿಗೆ, ಅಂದ್ರೆ ಮಾರ್ಚ್ 31ಕ್ಕೆ ಹೇಗಿತ್ತು ಅಂತ. ಡಿಸೆಂಬರ್‌ನಲ್ಲಿ ಒಂದು ತೂತು ಸಿಕ್ಕಿ, ಜನವರಿಯಲ್ಲಿ ಸರಿಮಾಡಿ, ಮಾರ್ಚ್‌ವರೆಗೆ ಅದು ಸರಿಯಾಗಿ ನಡೆದದ್ದು ತೋರಿಸಿದರೆ ದಾರಿ ಇದೆ. ದಿನಾ ಮಾಡುವ ಕಂಟ್ರೋಲ್ ಆದರೆ ಮೂರು ತಿಂಗಳ ಓಟ ಸಾಕಾಗಬಹುದು, ಮೂರು ತಿಂಗಳಿಗೊಮ್ಮೆ ಮಾಡುವುದಾದರೆ ಕಷ್ಟ. ಮಾರ್ಚ್ 20ಕ್ಕೆ ಎದ್ದರೆ ಏನೂ ಆಗಲ್ಲ. ಸಣ್ಣ ಕೊರತೆಗಳನ್ನು ಆಡಿಟರ್ ಮ್ಯಾನೇಜ್‌ಮೆಂಟಿಗೆ ಹೇಳಿ ಬಿಡುತ್ತಾರೆ, ಸ್ವಲ್ಪ ದೊಡ್ಡದಾದರೆ ಬೋರ್ಡಿಗೆ ಬರೆದು ತಿಳಿಸುತ್ತಾರೆ. ಮೆಟೀರಿಯಲ್ ವೀಕ್‌ನೆಸ್, ಅಂದ್ರೆ ಲೆಕ್ಕದಲ್ಲಿ ದೊಡ್ಡ ತಪ್ಪು ನುಸುಳಬಹುದಾದಷ್ಟು ಗಂಭೀರ ಕೊರತೆ, ಅಂದಾಗ ಮಾತ್ರ ವರದಿಯಲ್ಲೇ ಬರುತ್ತದೆ, ಆಗ ನಿಮಗೆ ಸಾಲ ಕೊಟ್ಟ ಬ್ಯಾಂಕಿನವರೂ ಓದುತ್ತಾರೆ. ಹಾಗೆ ಬಂದರೂ ಲೆಕ್ಕಪತ್ರದ ಮೇಲಿನ ಅಭಿಪ್ರಾಯ ತಾನಾಗಿಯೇ ಕೆಡಬೇಕಂತಿಲ್ಲ. ಹೆಚ್ಚು ವೋಚರ್ ನೋಡಿ, ಅಂಕಿ ಸರಿ ಇದೆ ಅಂತ ಖಾತ್ರಿ ಮಾಡಿಕೊಂಡರೆ ಅದು ಕ್ಲೀನ್ ಆಗಿ ಬರಬಹುದು.

ಕನ್ಸಲ್ಟೆಂಟ್ ಇಟ್ಟುಕೊಳ್ಳಲಾ ಅಂತಲೂ ಕೇಳಿದ್ದೀರಿ. ಬರೆಯೋಕೆ ಬೇಡ, ಟೆಸ್ಟ್ ಮಾಡೋಕೆ ಇಟ್ಟುಕೊಳ್ಳಿ. ಬರೆಯೋದು ನೀವು ಮತ್ತು ನಿಮ್ಮ ಹಳೆಯ ಕ್ಯಾಶಿಯರ್, ಎಲ್ಲೆಲ್ಲಿ ತೂತುಗಳಿವೆ ಅಂತ ಅವನಿಗೆ ಗೊತ್ತಿರೋದು ಯಾವ ಸಿಎಗೂ ಗೊತ್ತಿರಲ್ಲ. ಮತ್ತೆ ನಿಮ್ಮ ಸ್ಟ್ಯಾಚುಟರಿ ಆಡಿಟರ್ (ಕಾನೂನಿನ ಪ್ರಕಾರ ಆಡಿಟ್ ಮಾಡುವವರು) ಹತ್ತಿರವೇ ಬರೆದುಕೊಡಿ ಅನ್ನಬೇಡಿ. ತಾವೇ ಬರೆದದ್ದನ್ನು ತಾವೇ ಆಡಿಟ್ ಮಾಡೋಕೆ ಅವರಿಗೆ ಅವಕಾಶ ಇಲ್ಲ.

ಈ ವಾರ ಎಲ್ಲಾ ಬಿಟ್ಟು ಒಂದೇ ಕೆಲಸ ಮಾಡೋದಾದರೆ ಸಸ್ಪೆನ್ಸ್ ಅಕೌಂಟಿನ ಪಟ್ಟಿ ತೆಗೆಸಿ. ಶಾಖೆವಾರು, ಹಳೆಯದು ಮೇಲೆ. ಯಾವ ಶಾಖೆಗೆ ಮೊದಲು ಬಸ್ಸು ಹತ್ತಬೇಕು ಅಂತ ಅದರಲ್ಲೇ ಇರುತ್ತದೆ. ಏನಾದರೂ ಅರ್ಥವಾಗದಿದ್ದರೆ ಇಲ್ಲೇ ಕೇಳಿ, ಭಾನುವಾರ ನೋಡಿ ಉತ್ತರ ಹಾಕುತ್ತೇನೆ.