ಇನ್ಸುಲಿನ್ ಎಷ್ಟು ಕಟ್ಟಿಕೊಡಬೇಕು?

ಮೇಡಂ, ಟೈಪ್ 1 ಮಧುಮೇಹ ಇರುವ ಮಗ ಎಂ.ಎಸ್‌ಸಿ ಓದಲು ಇಂಗ್ಲೆಂಡಿಗೆ ಬರುತ್ತಿದ್ದಾನೆ, ವರ್ಷಕ್ಕಾಗುವಷ್ಟು ಇನ್ಸುಲಿನ್ ಕಟ್ಟಿಕೊಡಲೇ ಅಂತ ಕೇಳಿದ್ದೀರಿ. ಬೇಡವೇ ಬೇಡ, ಎರಡು ತಿಂಗಳಿಗಾಗುವಷ್ಟು ಸಾಕು. ವೀಸಾ ಅರ್ಜಿ ಜೊತೆ ವರ್ಷಕ್ಕೆ 776 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿರುತ್ತೀರಲ್ಲ, ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಚಿಕಿತ್ಸೆ ಅದರಲ್ಲೇ ಬಂತು. ಬಂದ ಮೊದಲ ವಾರವೇ ಮನೆ ಹತ್ತಿರದ ಜಿಪಿ (ಫ್ಯಾಮಿಲಿ ಡಾಕ್ಟರ್) ಕ್ಲಿನಿಕ್ಕಿನಲ್ಲಿ ಹೆಸರು ಬರೆಸಲಿ. ನಾನು ‘ನೋಡೋಣ ಬಿಡು’ ಅಂತ ಕೂತು, ಕೊನೇ ಇನ್ಸುಲಿನ್ ಪೆನ್ನು ಮುಗಿಯೋ ಹೊತ್ತಿಗೆ ಬೆವತುಹೋಗಿದ್ದೆ. ಅಲ್ಲೇ ಎಫ್‌ಪಿ 92ಎ ಫಾರಂ ಕೇಳಿ ತುಂಬಲಿ. ಇನ್ಸುಲಿನ್ ತಗೊಳ್ಳೋರಿಗೆ ಡಾಕ್ಟರು ಬರೆದ ಔಷಧಿಯೆಲ್ಲ 5 ವರ್ಷ ಉಚಿತ. ಇಲ್ಲದಿದ್ದರೆ ಒಂದೊಂದು ಔಷಧಿಗೂ ಸುಮಾರು 10 ಪೌಂಡ್.

ಇದೊಂದನ್ನು ಮಾತ್ರ ಮರೀಬೇಡಿ. ಊರಲ್ಲಿ ಸೀಸೆಯಿಂದ ಚುಚ್ಚಿಕೊಳ್ಳುತ್ತಿದ್ದರೆ ಲೇಬಲ್ ನೋಡಿ. ಅಲ್ಲಿ ಎಂ.ಎಲ್‌ಗೆ 40 ಯೂನಿಟ್‌ನದು ಬಹಳ ಬಳಕೆ, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಇಲ್ಲಿ ಕೊಡೋದು 100ರದು. ಆ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇದನ್ನು ಎಳೆದರೆ ಎರಡೂವರೆ ಪಟ್ಟು ಡೋಸ್! ಹೊರಡೋ ಮುಂಚೆಯೇ ಡಾಕ್ಟರನ್ನು ಕೇಳಿ ಪೆನ್ನಿಗೆ ಬದಲಾಯಿಸಿಕೊಳ್ಳೋದು ವಾಸಿ.

ಇನ್ಸುಲಿನ್ ಎಲ್ಲ ಕೈಚೀಲದಲ್ಲೇ ಇರಲಿ, ಡಾಕ್ಟರ ಪತ್ರದ ಜೊತೆ. ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿದರೆ ಬಿಸಾಡಬೇಕಷ್ಟೆ. ಚಟ್ನಿಪುಡಿ ಬೇಕಾದರೆ ಸೂಟ್‌ಕೇಸಿಗೆ ಹಾಕಿ.